ಎದೆಗೆ ಬೀಳುವ ಸದ್ದು

ಹುಣಸೂರು ದಾಟಿ ಹನಗೋಡಿನ ರಸ್ತೆಗೆ ತಿರುಗಿಕೊಂಡರೆ ಸೆಪ್ಟೆಂಬರಿನ ರಾತ್ರಿಗೆ ಒಂದು ವಾಸನೆ ಇರುತ್ತದೆ. ಹೊಗೆಸೊಪ್ಪು ಬೇಯುವ ವಾಸನೆ. ಒಣಹುಲ್ಲು, ಬೆಲ್ಲದ ಪಾಕ, ಸೌದೆಯ ಹೊಗೆ ಮೂರನ್ನೂ ಕಲಸಿದ ಹಾಗೆ. ಹೊಲದ ನಡುವೆ ನಿಂತ, ಸೊಪ್ಪು ಬೇಯಿಸುವ ಬ್ಯಾರನ್ನುಗಳ ಬುಡದಲ್ಲಿ ಒಲೆಬಾಯಿ ಕೆಂಪಗೆ ಕಾಣುತ್ತದೆ. ಅದರೆದುರು ಚಾಪೆ ಹಾಸಿಕೊಂಡು ಒಬ್ಬ ತೂಕಡಿಸುತ್ತಿರುತ್ತಾನೆ. ಪಕ್ಕದಲ್ಲಿ ಮೊಬೈಲು, ಅದರೊಳಗಿಂದ ಯಾವುದೋ ಹಾಡು ಸಣ್ಣಗೆ ಕೊರೆಯುತ್ತಿರುತ್ತದೆ.

ಆ ದಾರಿಯ ಒಂದು ಊರಿನಲ್ಲಿ ನನ್ನ ತಂಗಿಯ ಮನೆ. ಅಟ್ಟದಲ್ಲಿ ಅವಳ ಮಗ ಸ್ಟುಡಿಯೊ ಮಾಡಿಕೊಂಡಿದ್ದಾನೆ. ಸ್ಟುಡಿಯೊ ಅಂದರೆ ಎರಡು ಗೋಡೆಗೆ ಹಳೇ ಹಾಸಿಗೆ, ಒಂದಕ್ಕೆ ಜಮಖಾನ, ನಾಲ್ಕನೆಯದಕ್ಕೆ ಭತ್ತದ ಮೂಟೆ. ಮೂಟೆ ಅಲ್ಲಿರುವುದು ಜಾಗವಿಲ್ಲದೆ ಎಂದುಕೊಂಡಿದ್ದೆ. "ಇಲ್ಲ ಮಾವ, ದಪ್ಪ ಸದ್ದು ಮೂಲೇಲಿ ಸೇರ್ಕೊಂಡು ಗುಂಯ್ ಅನ್ನುತ್ತೆ. ಅದನ್ನ ಹೀರೋಕೆ ಮೂಟೆ" ಅಂದ. ಅವರಮ್ಮನಿಗೆ ಈ ವಿಜ್ಞಾನ ಇನ್ನೂ ಒಪ್ಪಿಗೆಯಾಗಿಲ್ಲ. ಇಲಿಯ ವಿಷಯದಲ್ಲಿ ಇಬ್ಬರಿಗೂ ಜಗಳವಿದೆ.

ಹಗಲು ಬೆಂಗಳೂರಿನ ಯಾವುದೋ ಕಂಪನಿಗೆ ಮನೆಯಿಂದಲೇ ದುಡಿಯುತ್ತಾನೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ಸಂಗೀತ ಕಟ್ಟುತ್ತಾನೆ. ವಾದ್ಯವಿಲ್ಲ, ತಂತಿಯಿಲ್ಲ, ಎಲ್ಲ ಕರೆಂಟಿನಿಂದ ಹುಟ್ಟಿದ ಸ್ವರ. ಈಚೆಗೆ ಹೊಸ ಹುಚ್ಚು, ಪಾಡ್‌ಕಾಸ್ಟು. ಕರೆಂಟಿನಿಂದ ಸಂಗೀತ ಮಾಡುವವರನ್ನು ಕರೆದು ಕೂರಿಸಿ ಕನ್ನಡದಲ್ಲಿ ಮಾತಾಡಿಸುವುದು. ನಾಲ್ಕು ಕಂತು ಮುಗಿದಿದೆ, ಹೆಸರಿನ್ನೂ ಇಟ್ಟಿಲ್ಲ.

ಮೊದಲ ಕಂತಿನಲ್ಲಿ ಮಾತಾಡಿದವನು ಅವನೊಬ್ಬನೇ. 1982ರಲ್ಲಿ ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ಯಂತ್ರಗಳ ಮೇಲೆ ಡಿಸ್ಕೊ ತಾಳಕ್ಕೆ ಕೂರಿಸಿದ್ದು, ಆಗ ಅದನ್ನು ಕೇಳುವವರಿಲ್ಲದೆ ಹೋಗಿದ್ದು, 2010ರಲ್ಲಿ ಮತ್ತೆ ಹೊರಬಂದಾಗ ವಿದೇಶದವರು ಬೆರಗಾಗಿದ್ದು. ಅದಕ್ಕೂ ಮೊದಲು, 1969ರಲ್ಲೇ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರು ತಂದು ಜೋಡಿಸಿದ್ದು. ಎಲ್ಲ ಸೊಗಸಾಗಿ ಹೇಳಿದ್ದ. ಊರಿನಲ್ಲಿ ಅದನ್ನು ಪೂರ್ತಿ ಕೇಳಿದವನು ನಾನೊಬ್ಬನೇ ಇರಬೇಕು. "ಚೆನ್ನಾಗಿದೆ ಕಣೋ, ಆದರೆ ಇದರಲ್ಲಿ ನಮ್ಮ ಕಡೆಯವರು ಯಾರೂ ಇಲ್ಲವಲ್ಲ" ಅಂದೆ. ಅಂದಿದ್ದು ತಪ್ಪಾಯಿತು. ಅಂದಿನಿಂದ ನನ್ನನ್ನೂ ಸ್ಕೂಟರಿನ ಹಿಂದೆ ಹತ್ತಿಸಿಕೊಂಡು ನಾಲ್ಕು ತಾಲ್ಲೂಕು ಸುತ್ತುತ್ತಿದ್ದಾನೆ.

ಪಿರಿಯಾಪಟ್ಟಣದಲ್ಲಿ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕರೊಬ್ಬರು ಸಿಕ್ಕಿದರು. ಮದುವೆ, ಜಾತ್ರೆ, ರಸಮಂಜರಿ ಎಲ್ಲಕ್ಕೂ ಒಂದೇ ಯಮಹಾ. ಪೆನ್‌ಡ್ರೈವಿನಲ್ಲಿ ನಾದಸ್ವರದ ಟೋನು, ಕೊಳಲಿನ ಟೋನು, ಮದ್ದಳೆ, ಉಡುಕು. ಮೈಸೂರಿಗೆ ಹೋಗಿ ದುಡ್ಡು ಕೊಟ್ಟು ಲೋಡ್ ಮಾಡಿಸಿಕೊಂಡು ಬರುತ್ತಾರಂತೆ, ಬಿತ್ತನೆ ಬೀಜ ತಂದ ಹಾಗೆ. 1987ರ ಪ್ರೇಮಲೋಕದ ಹಾಡು ಕೇಳಿದ ಮೇಲೆಯೇ ಹಾರ್ಮೋನಿಯಂ ಮಾರಿದೆ ಎಂದರು. ಹಂಸಲೇಖರ ಫೋಟೊ ಕೀಬೋರ್ಡಿನ ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿತ್ತು.

ಕೃಷ್ಣರಾಜನಗರದ ಕಡೆ ಒಂದು ದೇವಸ್ಥಾನದಲ್ಲಿ ಇನ್ನೂ ಸೋಜಿಗ. ಅರ್ಚಕರು ಗೋಡೆಯ ಸ್ವಿಚ್ಚು ಒತ್ತಿದರು. ಮೋಟರು ತಿರುಗಿತು, ಕಬ್ಬಿಣದ ಕೈಗಳು ನಗಾರಿಗೆ ಬಡಿದವು, ಜಾಗಟೆ ಗಂಟೆ ಒಟ್ಟಿಗೆ ಕೂಗಿದವು. ಮಂಗಳಾರತಿ ಮುಗಿಯಿತು, ಸ್ವಿಚ್ಚು ಆರಿತು. "ಡ್ರಮ್ ಮಷೀನು ಅಂದ್ರೆ ಇದೇ ಅಲ್ವಾ ಮಾವ" ಎಂದು ಹುಡುಗ ಕಿವಿಯಲ್ಲಿ ಪಿಸುಗುಟ್ಟಿದ. ಮೂಲೆಯಲ್ಲಿ ಭಜನೆಯವರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಇತ್ತು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್, ಎಂಜಿನಿಯರೂ ಹೌದು ಕೊಳಲುವಾದಕರೂ ಹೌದು, ರಾಡೆಲ್ ಎಂದು ಕಂಪನಿ ಕಟ್ಟಿ ತಂಬೂರಿಯನ್ನು ಡಬ್ಬಿಯೊಳಗೆ ಇಳಿಸಿದರು. ಕಛೇರಿಗೆ ಹೋಗುವ ಯಾರೂ ಅದನ್ನು ಎಲೆಕ್ಟ್ರಾನಿಕ್ ಸಂಗೀತ ಎನ್ನುವುದಿಲ್ಲ. ಶ್ರುತಿ ಎನ್ನುತ್ತಾರೆ, ಅಷ್ಟೆ.

ಹಿಂದಿರುಗುವಾಗ ಹುಡುಗ ಚುಂಚನಕಟ್ಟೆಯಲ್ಲಿ ಇಳಿದು ಕಾವೇರಿ ಧುಮುಕುವ ಸದ್ದನ್ನು ರೆಕಾರ್ಡರಿನಲ್ಲಿ ಐದು ನಿಮಿಷ ಹಿಡಿದುಕೊಂಡ. ಸಿಂಥಸೈಜರಿನಲ್ಲಿ ಸ್ನೇರ್ ಡ್ರಮ್ಮಿನ ಛರ್ ಎಂಬ ಸದ್ದನ್ನು ಇಂಥ ಗದ್ದಲದಿಂದಲೇ ಹುಟ್ಟಿಸುತ್ತಾರಂತೆ. ಈಗ ಅವನ ಪಾಡ್‌ಕಾಸ್ಟಿನ ಶುರುವಿನ ತಾಳದಲ್ಲಿ ಹೊಡೆಯುವುದು ಚೂರುಚೂರಾಗಿ ಕತ್ತರಿಸಿದ ಕಾವೇರಿ. ಗೊತ್ತಿದ್ದೂ ನನಗೆ ಗುರುತು ಹತ್ತುವುದಿಲ್ಲ.

ನಾಲ್ಕನೆಯ ಕಂತಿಗೆ ಅಟ್ಟಕ್ಕೆ ಬಂದವನು ಹೆಗ್ಗಡದೇವನಕೋಟೆ ಕಡೆಯ, ಸರಗೂರಿಗೆ ಹತ್ತಿರದ ಊರಿನ ಡಿಜೆ. ಮೂವತ್ತರ ಹರೆಯ. ಗಣೇಶನ ಮೆರವಣಿಗೆಗಳಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆ. ಮೈಕಿನ ಮುಂದೆ ಗೇಣಳತೆ ದೂರದಲ್ಲಿ ಕೂರಿಸಿದ ಕೂಡಲೇ, ಊರೆಲ್ಲ ನಡುಗಿಸುವ ಮನುಷ್ಯ ಹೊಸ ಅಳಿಯನ ಹಾಗೆ ಮುದುಡಿಕೊಂಡ.

ಹುಡುಗನ ಹಾಳೆಯಲ್ಲಿ ಪ್ರಶ್ನೆಗಳು ಸಾಲಾಗಿದ್ದವು. ಮೊದಲನೆಯದು: "ನಿಮ್ಮ ಮೇಲೆ ಯಾರ ಪ್ರಭಾವ ಇದೆ?"

"ಯಾರ ಪ್ರಭಾವನೂ ಇಲ್ಲ ಸಾ. ಪೊಲೀಸ್ ಪರ್ಮಿಷನ್ನು ನಾನೇ ತಕ್ಕೋತೀನಿ."

ನಾನು ಕೆಮ್ಮಿದೆ. ಕೆಮ್ಮು ರೆಕಾರ್ಡಾಯಿತು. ಹುಡುಗ ಹಾಳೆಯನ್ನು ಮಡಿಸಿ ಮೂಟೆಯ ಸಂದಿಗೆ ತುರುಕಿ, "ಬೇಸ್ ಬಾಕ್ಸು ನೀವೇ ಮಾಡ್ಕೊಂಡಿದ್ದಾ ಅಣ್ಣ?" ಅಂದ.

ಆಮೇಲೆ ತಡೆಯುವವರಿಲ್ಲ. ಹದಿನೆಂಟಿಂಚಿನ ಸ್ಪೀಕರು, ಅದಕ್ಕೆ ಎಷ್ಟು ದಪ್ಪದ ಪ್ಲೈವುಡ್ಡು, ಗಾಳಿ ಹೊರಬರುವ ತೂತು ಒಂದು ಬೆರಳು ಹೆಚ್ಚುಕಮ್ಮಿಯಾದರೆ ಸದ್ದು ಹೇಗೆ ಒಡೆಯುತ್ತದೆ, ಜನರೇಟರು ಉಸಿರುಗಟ್ಟಿದಾಗ ಆಂಪು ಏನು ಹೇಳುತ್ತದೆ. ಕೈಗಳು ಗಾಳಿಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದವು. ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಕಂಸಾಳೆಯವರ ಪಕ್ಕ ನಿಂತು ಫೋನಿನಲ್ಲಿ ಹಿಡಿದು ತಂದ ಸದ್ದನ್ನು ಎಫ್ಎಲ್ ಎಂಬ ಸಂಗೀತದ ತಂತ್ರಾಂಶಕ್ಕೆ ಹಾಕಿ, ತಾಳದ ಒಂದೊಂದು ಪೆಟ್ಟನ್ನೂ ಬಿಡಿಸಿ, ಅಡಿಯಲ್ಲಿ ಕಿಕ್ಕು ಕೂರಿಸುವುದನ್ನು ಹೇಳಿದ. ಕಂಸಾಳೆಯವರ ಲಯ ಗಡಿಯಾರದ ಲಯವಲ್ಲ; ಕುಣಿತ ಏರಿದಂತೆ ಓಡುತ್ತದೆ. ಯಂತ್ರ ಓಡುವುದಿಲ್ಲ. "ಅದನ್ನ ಇದಕ್ಕೆ ಒಗ್ಗಿಸ್ಬೇಕು ಅಂದ್ರೆ ಎರಡು ರಾತ್ರಿ ಬೇಕು ಸಾ. ಜನ ಡಿಜೆ ಅಂದ್ರೆ ಬಟನ್ ಒತ್ತದು ಅನ್ಕಂಡವ್ರೆ."

ಅವನ ಅಪ್ಪ ತಮಟೆಯವರು. ಬಾರಿಸುವ ಮುಂಚೆ ಹುಲ್ಲಿಗೆ ಬೆಂಕಿ ಕೊಟ್ಟು ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ, ಮತ್ತೆ ಕಾಯಿಸಿ ಹದ ನೋಡುತ್ತಿದ್ದರು. "ಅಪ್ಪ ತಮಟೆ ಕಾಯಿಸ್ತಿತ್ತು, ನಾನು ಆಂಪ್ ಕಾಯಿಸ್ತೀನಿ." ಅಪ್ಪನಿಗೆ ಈಗ ಕರೆ ಬರುವುದು ಕಡಿಮೆ. ಕರೆಯುವವರು ಮಗನನ್ನೇ ಕರೆಯುತ್ತಾರೆ. ಇದನ್ನು ಹೇಳುವಾಗ ಅವನ ದನಿ ಇಳಿಯಿತು, ಹುಡುಗನ ಪರದೆಯ ಮೇಲೆ ಹಸಿರು ಗೆರೆಗಳು ಸಣ್ಣಗಾದವು. "ತಮಟೆ ಕಿವಿಗೆ ಬೀಳ್ತದೆ ಸಾ. ಬೇಸ್ ಎದೆಗೆ ಬೀಳ್ತದೆ. ಕಿವಿ ಮುಚ್ಕಬೌದು, ಎದೆ ಮುಚ್ಕಳಕಾಯ್ತದಾ?"

ನಿಜ ಹೇಳಬೇಕೆಂದರೆ ನನಗೆ ಡಿಜೆ ಕಂಡರಾಗದು. ಮೆರವಣಿಗೆ ಮನೆ ಮುಂದೆ ಹಾದಾಗ ಕಿಟಕಿಯ ಗಾಜು ಹಲ್ಲು ಕಟಕಟಿಸುತ್ತದೆ, ಪಕ್ಕದ ಮನೆಯ ಎಳೆಗೂಸು ಬೆಚ್ಚಿ ಅಳುತ್ತದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ಕಾನೂನು 2000ದಿಂದಲೇ ಇದೆ, ಅದು ಸರಿಯಾಗಿಯೂ ಇದೆ. ಆ ಅಭಿಪ್ರಾಯ ಅಟ್ಟದಿಂದ ಇಳಿಯುವಾಗಲೂ ಬದಲಾಗಿರಲಿಲ್ಲ. ಆದರೆ ಈ ಮನುಷ್ಯನನ್ನು ಇಷ್ಟು ವರ್ಷ ಬೈದವರು, ಕರೆದವರು, ದುಡ್ಡು ಬಾಕಿ ಉಳಿಸಿಕೊಂಡವರು ಇದ್ದರೇ ಹೊರತು, ಈ ಸದ್ದನ್ನು ಹೇಗೆ ಮಾಡುತ್ತೀಯ ಎಂದು ಕೇಳಿದವರಿರಲಿಲ್ಲ ಎನ್ನುವುದು ಅವನು ಮಾತಾಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ನಡುವೆ ತ್ರೀಫೇಸ್ ಕರೆಂಟು ಬಂತು. ಸುತ್ತಲ ಹೊಲಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಂದೇ ಸಲ ಎದ್ದು ಕೂತವು. ಹುಡುಗ ತಲೆ ಮೇಲೆ ಕೈಹೊತ್ತು ರೆಕಾರ್ಡಿಂಗ್ ನಿಲ್ಲಿಸಿದ. ಇಂಥ ಕಂಪನಕ್ಕೆಂದೇ ಅವನ ರೆಕಾರ್ಡಿಂಗ್ ಡಬ್ಬಿಯಲ್ಲಿ ಒಂದು ಗುಂಡಿ ಇದೆ. ಒತ್ತಿದರೆ 80 ಹರ್ಟ್ಜ್‌ಗಿಂತ ಕೆಳಗಿನದು ಸೋಸಿಹೋಗುತ್ತದೆ. ಮೋಟರಿನ ಗುಡುಗು, ಲಾರಿ, ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ. ಹಿಂದಿನ ಮೂರು ಕಂತಿಗೂ ಅದನ್ನು ಒತ್ತಿದ್ದ. ಈಗ ಕೈ ಚಾಚಿದವನು ಹಿಂದೆಗೆದ. ಇಷ್ಟು ಹೊತ್ತು ಎದುರಿನವನು ಹೊಗಳುತ್ತಿದ್ದ ಸದ್ದು ಇರುವುದು ಆ ಗುಂಡಿ ಕಸವೆಂದು ಗುಡಿಸಿಹಾಕುವ ಜಾಗದಲ್ಲೇ.

ಅದೇ ಜಾಗದ ಇನ್ನೊಂದು ಸದ್ದನ್ನು ನಾವು ಹಿಂದಿನ ವಾರವಷ್ಟೇ ಕೇಳಿದ್ದೆವು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟಿಯನ್ನರ ನೆಲೆಯಿದೆ. ಅಲ್ಲಿ ಗ್ಯುಮೆ ತಾಂತ್ರಿಕ ಮಠ. ಬೆಳಗಿನ ಜಾವ, ಮಂಜು ಇನ್ನೂ ಮುಸುಕಿನ ಜೋಳದ ಮೇಲೆಯೇ ಮಲಗಿತ್ತು. ರೆಕಾರ್ಡರನ್ನು ಚೀಲದಿಂದ ತೆಗೆಯಲಿಲ್ಲ. ಅವರ ಪೂಜೆ ನಮ್ಮ ಕಂತಿನ ಸರಕಲ್ಲ. ಕಾಂಪೌಂಡಿನ ಹೊರಗೆ ಕಲ್ಲಿನ ಮೇಲೆ ಕೂತೆವು. ಒಳಗಿನಿಂದ ಬಂದದ್ದನ್ನು ದನಿ ಎನ್ನಲು ಒಂದು ಕ್ಷಣ ಬೇಕಾಯಿತು. ಗಂಟಲಲ್ಲಿ ಹುಟ್ಟಿದ್ದೋ ನೆಲದಲ್ಲಿ ಹುಟ್ಟಿದ್ದೋ. ತಳದಲ್ಲಿ ಒಂದು ಗುರುಗುಡುವ ಸ್ವರ, ಅದರ ನೆತ್ತಿಯ ಮೇಲೆ ಎಲ್ಲೋ ತೆಳ್ಳಗೆ ಇನ್ನೊಂದು ಸ್ವರ. ಒಬ್ಬನೇ ಲಾಮಾ ಏಕಕಾಲಕ್ಕೆ ಎರಡನ್ನೂ ಹೊರಡಿಸುತ್ತಾನೆ.

ಇದೇ ಪದ್ಧತಿಯ ಮತ್ತೊಂದು ಮಠವಾದ ಗ್ಯುಟೊದ ಲಾಮಾಗಳ ದನಿಯನ್ನು ಧರ್ಮಗಳ ವಿದ್ವಾಂಸ ಹ್ಯೂಸ್ಟನ್ ಸ್ಮಿತ್ ಹಿಡಿದುಕೊಂಡು ಹೋಗಿ, ಧ್ವನಿವಿಜ್ಞಾನಿಗಳೊಡನೆ ಅಳೆದು 1967ರಲ್ಲಿ ಪ್ರಕಟಿಸಿದರು. ತಳದ ಸ್ವರ ಸುಮಾರು 60 ಹರ್ಟ್ಜ್. ಗಂಟಲನ್ನೂ ಬಾಯನ್ನೂ ತಿದ್ದಿ ಅದರ ಐದರಷ್ಟು ಮೇಲಿನ ಸ್ವರವನ್ನು ಎತ್ತಿ ತೋರಿಸುತ್ತಾರೆ. ಸಿಂಥಸೈಜರು ಮಾಡುವುದೂ ಇಂಥದ್ದನ್ನೇ ಎಂದು ಹುಡುಗ ಕಲ್ಲಿನ ಮೇಲೆ ಕೂತು ಗೆರೆ ಎಳೆದು ತೋರಿಸಿದ. ಮೊಬೈಲಿನ ಪುಟ್ಟ ಸ್ಪೀಕರಿಗೆ 60ರ ಸದ್ದು ಹೊರಡಿಸುವ ತಾಕತ್ತಿಲ್ಲ. ಆದರೂ ಅದರ ಮಗ್ಗಿ ಮೇಲೆ ಕೇಳಿಸಿದರೆ ಸಾಕು, ತಳದ ಸಂಖ್ಯೆಯನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದಂತೆ. "ಕಿವಿಗೆ ಮೋಸ ಮಾಡ್ಬಹುದು ಮಾವ." ಎದೆಗೆ ಆಗುವುದಿಲ್ಲ ಎಂಬುದನ್ನು ಡಿಜೆ ಬಂದು ಹೇಳಬೇಕಾಯಿತು.

ಅಟ್ಟದಲ್ಲಿ ಕರೆಂಟು ಹೋಯಿತು. ಪಂಪುಗಳು ಸತ್ತವು. ಉಳಿದ ಮಾತು ಬ್ಯಾಟರಿಯಲ್ಲಿ ಮುಗಿಯಿತು. ಕೊನೆಗೆ ಹುಡುಗ, "ಮೂವತ್ತು ಸೆಕೆಂಡು ಯಾರೂ ಅಲ್ಲಾಡ್ಬೇಡಿ, ಕೋಣೇನ ರೆಕಾರ್ಡ್ ಮಾಡ್ಬೇಕು" ಅಂದ. ಮಾತು ಕತ್ತರಿಸಿದ ಕಡೆಗಳಿಗೆ ತೇಪೆ ಹಾಕಲು ಖಾಲಿ ಕೋಣೆಯ ಸದ್ದು ಬೇಕು. ಇಲ್ಲವಾದರೆ ಕಿವಿಗೆ ಹಳ್ಳ ತಗುಲುತ್ತದೆ.

"ಸುಮ್ಕಿರದ್ನೂ ರೆಕಾರ್ಡ್ ಮಾಡ್ತಾರಾ?" ಡಿಜೆ ಕಣ್ಣರಳಿಸಿದ. ಅವನ ವೃತ್ತಿಯಲ್ಲಿ ಇದು ಹೊಸದು.

ಮೂವರೂ ಕೂತೆವು. ಹಲ್ಲಿ ಲೊಚಗುಟ್ಟಿತು. ಕಪ್ಪೆಗಳು. ದೂರದ ಬ್ಯಾರನ್ನಿನಲ್ಲಿ ಸೌದೆ ಸಿಡಿದದ್ದು. ಕೆಳಗೆ ತಂಗಿ ಪಾತ್ರೆ ಕವುಚಿ ಹಾಕಿದ್ದು. ಇಪ್ಪತ್ತೈದನೆಯ ಸೆಕೆಂಡಿಗೋ ಏನೋ, ಕಾಡಿನ ದಿಕ್ಕಿನಿಂದ ಒಂದು ಢಂ. ಆನೆ ಓಡಿಸಲು ಹೊಡೆದ ಪಟಾಕಿ. ಹುಡುಗ ಹಲ್ಲು ಕಚ್ಚಿದ, ರೆಕಾರ್ಡಿಂಗ್ ಮಾತ್ರ ನಿಲ್ಲಿಸಲಿಲ್ಲ.

ಒಂದೂ ಮುಕ್ಕಾಲು ಗಂಟೆಯ ಮಾತನ್ನು ಮೂವತ್ತೆಂಟು ನಿಮಿಷಕ್ಕೆ ಇಳಿಸಲು ಅವನಿಗೆ ಹನ್ನೊಂದು ರಾತ್ರಿ ಹಿಡಿಯಿತು. ನನ್ನ ಕೆಮ್ಮು ಹೋಯಿತು, ಪ್ರಭಾವದ ಪ್ರಶ್ನೆ ಉಳಿಯಿತು. ಆ ಮೂವತ್ತು ಸೆಕೆಂಡನ್ನು ತೇಪೆಗೂ ಬಳಸಿ, ಕಂತಿನ ಬಾಲಕ್ಕೆ ಹಾಗೇ ಇಡಿಯಾಗಿಯೂ ಅಂಟಿಸಿದ್ದ. ಪಟಾಕಿ ಸಮೇತ. ಗುಂಡಿ ಒತ್ತಿರಲಿಲ್ಲ.

ಕೇಳಿಸಲು ಡಿಜೆಯ ಊರಿಗೇ ಹೋದೆವು. ತಗಡಿನ ಶೆಡ್ಡು, ಟಾರ್ಪಾಲು ಹೊದ್ದ ಪೆಟ್ಟಿಗೆಗಳು. ಜಗುಲಿಯ ಮೇಲೆ ಅವನ ಅಪ್ಪ, ಪಕ್ಕದಲ್ಲಿ ರೇಡಿಯೊ. ಸರಗೂರಿನ ಜನಧ್ವನಿ ಬರುತ್ತಿತ್ತು, 90.8. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು ನಡೆಸುವ ಸಮುದಾಯ ಬಾನುಲಿ. ಇಂಥ ಕೇಂದ್ರಗಳಿಗೆ ಸರ್ಕಾರ ಕೊಡುವ ಶಕ್ತಿ ಸಾಮಾನ್ಯವಾಗಿ 100 ವಾಟ್. ಡಿಜೆಯ ಒಂದು ಪೆಟ್ಟಿಗೆ ಅದರ ಹತ್ತರಷ್ಟು ನುಂಗುತ್ತದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲಿ ಆಕಾಶವಾಣಿ ಶುರುಮಾಡಿದ್ದು ಇನ್ನೂ ಕಡಿಮೆ, 30 ವಾಟ್‌ನಲ್ಲಿ. ಅವರ ಮನೆಯಲ್ಲೂ ಗೋಡೆಗೆ ಏನು ನೇತುಹಾಕಬೇಕೆಂದು ಯಾರೋ ಜಗಳವಾಡಿರಬೇಕು.

ಹುಡುಗ ಕಂತನ್ನು ಫೋನಿನಲ್ಲಿ ಹಾಕಿದ. ಡಿಜೆ ಒಂದು ನಿಮಿಷ ಕೇಳಿ ಮುಖ ಸಿಂಡರಿಸಿದ. "ಬೇಸ್ ಎಲ್ಲೋಯ್ತು ಸಾ? ಇದು ನನ್ ಗಂಟ್ಲಾ, ಸೊಳ್ಳೆ ಗಂಟ್ಲಾ?"

ಟಾರ್ಪಾಲು ಎಳೆದ. ಫೋನಿನಿಂದ ಮಿಕ್ಸರಿಗೆ ವೈರು, ಮಿಕ್ಸರಿನಿಂದ ಆಂಪಿಗೆ. "ವಸಿ ತಡೀರಿ, ಕಾಯ್ಲಿ." ಆಮೇಲೆ ಅವನ ಕಟ್ಟಿದ ಗಂಟಲು ಎರಡು ಹದಿನೆಂಟಿಂಚಿನ ಪೆಟ್ಟಿಗೆಗಳಿಂದ ಹೊರಬಂದು ಶೆಡ್ಡಿನ ತಗಡನ್ನು ಅಲ್ಲಾಡಿಸಿತು. ಪೆಟ್ಟಿಗೆಯ ಮೇಲಿಟ್ಟಿದ್ದ ಸ್ಟೀಲ್ ಲೋಟ ತಾನಾಗಿ ಅಂಚಿನ ಕಡೆಗೆ ನಡೆಯಿತು. ನೆರೆಯವರು ಬಂದು ನಿಂತರು. ಅಪ್ಪ ರೇಡಿಯೊ ಆರಿಸಿದರು. ತಮಟೆಯ ಮಾತು ಬಂದಾಗ ನೆಲ ನೋಡಿದರು, ಏನೂ ಹೇಳಲಿಲ್ಲ.

ಕಂತು ಮುಗಿಯಿತೆಂದು ಜನ ಚದುರುತ್ತಿದ್ದರು. ಪೆಟ್ಟಿಗೆಗಳಿಂದ ನಮ್ಮ ಅಟ್ಟದ ಮೌನ ಹರಿಯತೊಡಗಿತ್ತು, ಆಳೆತ್ತರದ ಹಲ್ಲಿ, ಕೆರೆಯಷ್ಟು ಕಪ್ಪೆ. ಆಮೇಲೆ ಢಂ. ಬೀದಿನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಅಪ್ಪ ಎದೆ ಮೇಲೆ ಕೈಯಿಟ್ಟುಕೊಂಡು ಜಗುಲಿಯಿಂದ ಎದ್ದವರೇ ಮೂಲೆಯ ದೊಣ್ಣೆ ಎತ್ತಿಕೊಂಡರು.

"ಯಾವ ಕಡೆಯಿಂದ ಬಂತ್ಲಾ ಆನೆ?"