ಮಂದದೃಷ್ಟಿಗೆ ಒಂದು ತೆರೆ

ಕಣ್ಣು ಪೂರ್ತಿ ಕಾಣದವರ ಬಗ್ಗೆ ಜನರಿಗೆ ಒಂದು ಕಲ್ಪನೆಯಾದರೂ ಉಂಟು. ಅಲ್ಪಸ್ವಲ್ಪ ಕಾಣುವವರ ಪಾಡು ಬೇರೆ. ಕೋಲು ಹಿಡಿದು ಬಂದವರು ಪುಸ್ತಕ ತೆರೆದರೆ, ನೋಡಿದವರಿಗೆ ಅನುಮಾನ!

ಅಮೆರಿಕದ ಗಣಿತಜ್ಞ ಸ್ಯಾಮುಯೆಲ್ ಗೆನೆನ್‌ಸ್ಕಿ ಇಂಥವರಲ್ಲೊಬ್ಬರು. ಹುಟ್ಟಿದಾಗ ಕಣ್ಣಿಗೆ ತಪ್ಪು ಔಷಧಿ ಬಿದ್ದು ದೃಷ್ಟಿಯ ಬಹುಪಾಲು ಹೋಗಿತ್ತು. ಬ್ರೈಲ್ ಕಲಿತರೂ ಅವರು ಉಳಿದಷ್ಟು ನೋಟವನ್ನು ಬಿಟ್ಟುಕೊಡಲಿಲ್ಲ. ತರಗತಿಯ ಕರಿಹಲಗೆಯನ್ನು ಬೈನಾಕ್ಯುಲರ್ ಹಿಡಿದು ಓದಿದರು. ಮುಂದೆ ಸಾಂಟಾ ಮೋನಿಕಾದ ರ‍್ಯಾಂಡ್ ಸಂಸ್ಥೆಯಲ್ಲಿದ್ದಾಗ, 1960ರ ದಶಕದ ಕೊನೆಯಲ್ಲಿ, ಸಹೋದ್ಯೋಗಿಗಳೊಂದಿಗೆ ಓದುವ ಯಂತ್ರವೊಂದನ್ನು ರೂಪಿಸಿದರು. ಕ್ಯಾಮೆರಾದ ಕೆಳಗೆ ಪುಸ್ತಕ, ಎದುರಿಗೆ ಟಿ.ವಿ. ತೆರೆ. ಅಕ್ಷರ ದೊಡ್ಡದಾಗುವುದು ಒಂದು ಅನುಕೂಲ. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡುವಂತೆ ತಿರುಗಿಸಬಹುದಾದದ್ದು ಇನ್ನೂ ದೊಡ್ಡದು, ಏಕೆಂದರೆ ಮಂದದೃಷ್ಟಿಯ ಅನೇಕರಿಗೆ ಬಿಳಿ ಹಾಳೆಯ ಪ್ರಖರತೆಯೇ ಶತ್ರು.

ಕಂಪ್ಯೂಟರಿನ ತೆರೆಯನ್ನೇ ಹಿಗ್ಗಿಸುವ ಝೂಮ್‌ಟೆಕ್ಸ್ಟ್ 1988ರಲ್ಲಿ ಬಂತು. ಈಗ ಈ ಸೌಲಭ್ಯ ಮೊಬೈಲಿನಲ್ಲೇ ಇರುತ್ತದೆ.

ಆದರೆ ಹಿಗ್ಗಿಸುವುದಕ್ಕೂ ಬೆಲೆಯುಂಟು. ಉದ್ದಗಲಗಳೆರಡೂ ಹತ್ತು ಪಟ್ಟಾದರೆ ತೆರೆಗೆ ಹಿಡಿಸುವುದು ಮೊದಲಿನ ನೂರರಲ್ಲೊಂದು ಪಾಲು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮುಂದಿನ ಸಾಲಿನ ಆರಂಭ ಎಲ್ಲಿಯೋ! ಕನ್ನಡ ಓದುವವರಿಗೆ ಇನ್ನೊಂದು ಪೇಚು: ಅಕ್ಷರ ತೆರೆಯಲ್ಲಿರುತ್ತದೆ, ಅದರ ಒತ್ತು ಅಂಚಿನಿಂದ ಕೆಳಗೆ ಜಾರಿರುತ್ತದೆ. ಚಿಕ್ಕದಾಗಿಸೋಣವೆಂದರೆ ಪಕಾರ, ಷಕಾರಗಳಿಗಿರುವ ವ್ಯತ್ಯಾಸ ಒಂದು ಸಣ್ಣ ಗೀಟು ಮಾತ್ರ. ಹಾಗಾಗಿ ಹಲವರು ಎರಡನ್ನೂ ಬಳಸುತ್ತಾರೆ: ದೀರ್ಘ ಲೇಖನವನ್ನು ಯಂತ್ರದ ಧ್ವನಿ ಓದುತ್ತದೆ, ಹೆಸರಿನ ಕಾಗುಣಿತ, ಬಿಲ್ಲಿನ ಮೊತ್ತಗಳನ್ನು ಕಣ್ಣೇ ಹುಡುಕುತ್ತದೆ.