ಒಂದು ಮೇಜು, ಎರಡು ಅರ್ಜಿ

ಗಂಡಹೆಂಡಿರು ಒಟ್ಟಾಗಿ ತೀರ್ಥಯಾತ್ರೆಗೆ ಹೋಗುವುದುಂಟು, ಒಟ್ಟಾಗಿ ವ್ರತ ಹಿಡಿಯುವುದುಂಟು. ಆದರೆ ಒಟ್ಟಾಗಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕುಳಿತವರು ನಮ್ಮ ಬೀದಿಯಲ್ಲಂತೂ ನಮಗಿಂತ ಮೊದಲು ಯಾರೂ ಇರಲಿಲ್ಲ. ವಾಚಕರು ನಕ್ಕರೆ ತಪ್ಪಿಲ್ಲ. ನಮ್ಮ ತಾಯಿಯವರು ಮಾತ್ರ ನಗಲಿಲ್ಲ. “ಮದುವೆಯಾಗಿ ಎರಡು ವರ್ಷವಾಯಿತು, ಈಗೇನಪ್ಪ ಪರೀಕ್ಷೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

2012ರಲ್ಲಿ ಪಿ.ಯು.ಸಿ. ಮುಗಿಸಿದಾಗ ನನಗೆ ಸೀಟು ದೊರೆತಿರಲಿಲ್ಲ. ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟರಾದೆ. ನನ್ನ ಕೈಹಿಡಿದವಳ ಕಥೆಯೂ ಅದೇ. ನನಗಿಂತ ಎರಡು ವರ್ಷದ ಅನಂತರ ಅದೇ ಬಾಗಿಲಿನಿಂದ ಹಿಂದಿರುಗಿ, ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಸಾಮಾನ್ಯ ವರ್ಗದವರಿಗೆ 25 ವರ್ಷವೆಂದಿದ್ದ ವಯೋಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಮಾರ್ಚ್ ತಿಂಗಳಲ್ಲಿ ತೆಗೆದುಹಾಕಿತು. ಅವಳು ಪತ್ರಿಕೆಯ ಆ ಸುದ್ದಿಯನ್ನು ಕತ್ತರಿಸಿ, ಏನೂ ಹೇಳದೆ, ನನ್ನ ಊಟದ ಡಬ್ಬಿಯ ಮೇಲಿಟ್ಟಳು.

ಭೌತಶಾಸ್ತ್ರ ನನ್ನದು, ಜೀವಶಾಸ್ತ್ರ ಅವಳದು ಎಂದು ಪಾಠ ಹಂಚಿಕೊಂಡೆವು. ಜುಲೈ 17ರಂದು ಪರೀಕ್ಷೆ. ಆಗಿನ ಕ್ರಮದಲ್ಲಿ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರ ಕೇಳುತ್ತಿದ್ದರು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 720. “ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿರಿ” ಎಂದು ಐದು ವರ್ಷ ಮಕ್ಕಳಿಗೆ ಬೋಧಿಸಿದ ನಾಲಿಗೆ ನನ್ನದು. ಕೈಯೂ ನಾಲಿಗೆಯ ಮಾತನ್ನೇ ಕೇಳಿತು. ತಿಳಿಯದ್ದನ್ನೆಲ್ಲ ಊಹಿಸಿ ಬರೆದು, ತಿಳಿದದ್ದರಿಂದ ಬಂದ ಅಂಕವನ್ನು ಕಳೆದುಕೊಂಡೆ. ಅವಳಾದರೋ ಹೆದರಿ ಬಿಟ್ಟದ್ದೇ ಹೆಚ್ಚು. ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು. ಇಬ್ಬರಿಗೂ ಸೀಟಿಲ್ಲ. ನನಗೆ ಅವಳಿಗಿಂತ 11 ಅಂಕ ಹೆಚ್ಚಿತ್ತು. ಅದನ್ನು ನಾನು ಮರೆಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮತ್ತೊಮ್ಮೆ ಬರೆಯುವುದೆಂದಾಯಿತು. ಆ ರಾತ್ರಿ ಮಾಳಿಗೆಯ ಮೇಲೆ ಕುಳಿತು ಲೆಕ್ಕ ಹಾಕಿದೆವು. ಓದು ನಾಲ್ಕೂವರೆ ವರ್ಷ, ಅದರ ಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿ. ನಮ್ಮ ಉಳಿತಾಯ ಒಬ್ಬರಿಗೆ ಸಾಕಾದೀತು, ಇಬ್ಬರಿಗಲ್ಲ. ಯಾರಿಗೆ ಸೀಟು ದೊರೆಯುವುದೋ ಅವರು ಹೋಗುವುದು, ಇನ್ನೊಬ್ಬರು ದುಡಿಯುವುದು ಎಂದು ಒಪ್ಪಂದವಾಯಿತು. ಹೋಗುವವನು ನಾನೇ ಎಂದು ಮನಸ್ಸಿನಲ್ಲಿ ಆಗಲೇ ಬರೆದುಕೊಂಡಿದ್ದೆ.

ಅಂದಿನಿಂದ ಆ ಮೇಜಿನ ಗುಣ ಬದಲಾಯಿತು. ಮೂತ್ರಪಿಂಡ ನೀರನ್ನು ಉಳಿಸಿಕೊಳ್ಳುವ ಬಗೆಯನ್ನು ಅವಳು ಮೂರು ಸಲ ಬಿಡಿಸಿ ಹೇಳಿ ನನ್ನ ತಲೆಗೆ ಹತ್ತಿಸಿದಳು. ನನಗೋ, ಕಲಿಸಿದ ಒಂದೊಂದು ಲೆಕ್ಕವೂ ನನ್ನನ್ನು ಒಂದು ಮೆಟ್ಟಿಲು ಕೆಳಗಿಳಿಸುವಂತೆ ತೋರಹತ್ತಿತು. ಉರುಳುವ ಗೋಲ, ತಟ್ಟೆ, ಬಳೆಗಳಲ್ಲಿ ಇಳಿಜಾರಿನ ತಳವನ್ನು ಯಾವುದು ಮೊದಲು ಮುಟ್ಟುವುದೆಂದು ಅರ್ಧ ನಿಮಿಷದಲ್ಲಿ ಹೇಳಬಲ್ಲ ಸುಲಭೋಪಾಯವೊಂದು ಒಂದು ರಾತ್ರಿ ನನಗೆ ಹೊಳೆಯಿತು. ಮೂರು ದಿನ ಅವಳಿಗೆ ಹೇಳಲಿಲ್ಲ. ನಾಲ್ಕನೆಯ ದಿನ ತಡೆಯಲಾರದೆ ಹೇಳಿದೆ. “ಗೊತ್ತು ರೀ, ನಿಮ್ಮ ಟಿಪ್ಪಣಿಯಲ್ಲಿ ಮೊನ್ನೆಯೇ ನೋಡಿದೆ. ನೀವಾಗಿ ಹೇಳುತ್ತೀರೆಂದು ಸುಮ್ಮನಿದ್ದೆ” ಎಂದು ಪುಟ ತಿರುಗಿಸಿದಳು. ಆ ಪುಟದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

2023ರ ಮೇ 7ರಂದು ಇಬ್ಬರೂ ಬೇರೆಬೇರೆ ಕೇಂದ್ರಗಳಲ್ಲಿ ಬರೆದೆವು. ಒಳಗೆ ಆಭರಣ ಕೂಡದು. ಅವಳ ಬಳೆ, ಓಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಹಿಡಿದುಕೊಂಡು ನಮ್ಮ ತಂದೆಯವರು ಸಂಜೆ ಐದೂ ಇಪ್ಪತ್ತರವರೆಗೆ ಬಿಸಿಲಿನಲ್ಲಿ ನಿಂತಿದ್ದರು. ಜೂನ್ 13ರಂದು ಫಲಿತಾಂಶ ಬಂತು. ಈ ಸಲ ಅವಳಿಗೆ ನನಗಿಂತ 38 ಅಂಕ ಹೆಚ್ಚು.

ಅವಳು ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ, ನಾನು ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ. ಅದನ್ನು ಹೇಳಿ ಅವಳನ್ನು ಛೇಡಿಸಿದ್ದೂ ಉಂಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟುಗಳನ್ನು ನಮ್ಮ ರಾಜ್ಯದಲ್ಲಿ ಮೀಸಲಿಟ್ಟಿದ್ದಾರೆ. ಪ್ರಮಾಣಪತ್ರಕ್ಕಾಗಿ ಅವಳ ಊರಿಗೆ ಹೋದೆವು. ಮುಖ್ಯೋಪಾಧ್ಯಾಯರು ಗೆದ್ದಲು ಹಿಡಿದ ದಾಖಲಾತಿ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಕೊನೆಗೆ ಅವಳ ಹೆಸರಿನ ಮೇಲೆ ಬೆರಳಿಟ್ಟು, “ಇಲ್ಲಿದ್ದೀಯಲ್ಲಮ್ಮ!” ಎಂದರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವಿಗೆ ಮತ್ತೆರಡು ದಿನ ಅಲೆದೆವು. ಕಡತ ಹಿಡಿದು ಅವಳ ಹಿಂದೆ ನಡೆಯುತ್ತಿದ್ದ ನನ್ನನ್ನು ಅಲ್ಲಿನ ಜವಾನ “ಅಣ್ಣನವರೇ?” ಎಂದು ಕೇಳಿದ. ಹೌದೆಂದುಬಿಟ್ಟೆ. ಏಕೆ ಹಾಗೆಂದೆನೋ!

ಅವಳಿಗೆ ಸರಕಾರಿ ಕಾಲೇಜಿನಲ್ಲಿ ಸೀಟು ದೊರೆಯಿತು. ಒಪ್ಪಂದದಂತೆ ಟ್ರಂಕನ್ನು ವಿದ್ಯಾರ್ಥಿನಿಲಯದ ಬಾಗಿಲಿಗೆ ತಲುಪಿಸಿ ಹಿಂದಿರುಗಿದೆ. ಮೇಜಿನ ಅವಳ ಪಾಲಿನ ಅರ್ಧದಲ್ಲಿ ನಮ್ಮ ತಾಯಿಯವರು ಹಪ್ಪಳದ ಡಬ್ಬಗಳನ್ನಿಟ್ಟರು.

2024ರ ಫೆಬ್ರವರಿಯಲ್ಲಿ ಮತ್ತೆ ಅರ್ಜಿ ಕರೆದಾಗ ನಾನು ಸುಮ್ಮನಿದ್ದೆ. ಒಂದು ಶನಿವಾರ ರಾತ್ರಿ ಅವಳ ದೂರವಾಣಿ ಬಂತು.

“ನಿಮ್ಮದೊಂದು ಭಾವಚಿತ್ರ ಕಳುಹಿಸಿ, ಬಿಳಿಯ ಹಿನ್ನೆಲೆಯದು. ಮಿಕ್ಕಿದ್ದನ್ನೆಲ್ಲ ತುಂಬಿದ್ದೇನೆ.”

“ಹಣಕ್ಕೇನು ಮಾಡೋಣ?”

“ಮೊದಲು ಸೀಟು ಬರಲಿ ರೀ. ಆ ಜಗಳ ಆಮೇಲೆ ಆಡೋಣ.”

ಮರುದಿನ ಭಾನುವಾರ. ನಮ್ಮ ಬೀದಿಯ ಸ್ಟುಡಿಯೋದವನು ಬಾಗಿಲು ತೆರೆಯುವುದು ಹತ್ತು ಗಂಟೆಗೆ. ನಾನು ಒಂಬತ್ತಕ್ಕೇ ಹೋಗಿ ನಿಂತಿದ್ದೆ.