ಕೋಳಿಗೆ ಹತ್ತದ ಖಾರ

ಚೆನ್ನೈನ ಗಿಂಡಿಯಿಂದ ಓದುಗರೊಬ್ಬರು ಕೇಳಿದ್ದಾರೆ: ಚಿಕನ್ ವಿಂಗ್ಸ್‌ಗೆಂದು ಮನೆಯಲ್ಲೇ ಸಿಹಿ-ಖಾರದ ಸಾಸ್ ಮಾಡಿದರೆ ಒಂದು ಸಲ ಬರೀ ಬೆಲ್ಲ, ಇನ್ನೊಂದು ಸಲ ಬರೀ ಉರಿ, ಹದ ಹಿಡಿಯುವುದು ಹೇಗೆ? ಅಡುಗೆಮನೆಗೆ ಹೋಗುವ ಮುನ್ನ ಅವರ ಮನೆ ಹತ್ತಿರದ ಗಿಂಡಿ ರಾಷ್ಟ್ರೀಯ ಉದ್ಯಾನದ ಕಡೆ ಒಮ್ಮೆ ನೋಡೋಣ. ಮಹಾನಗರದ ನಡುವೆ ಉಳಿದುಕೊಂಡಿರುವ ಆ 2.7 ಚದರ ಕಿಲೋಮೀಟರ್ ಕಾಡಿನಲ್ಲಿ ಗಿಳಿಗಳೂ ಇವೆ, ಕೋತಿಗಳೂ ಇವೆ. ಒಂದು ಗುಂಟೂರು ಮೆಣಸಿನಕಾಯಿ ಕೊಟ್ಟರೆ ಗಿಳಿ ಅದನ್ನು ಕಾಲಲ್ಲಿ ಹಿಡಿದು, ಕೊಕ್ಕಿನಿಂದ ಸೀಳಿ, ಬೀಜ ಸಮೇತ ನಿಶ್ಚಿಂತೆಯಿಂದ ತಿನ್ನುತ್ತದೆ. ಕೋತಿ ಕಚ್ಚಿದರೆ ಮುಖ ಕಿವುಚಿ ಎಸೆಯುತ್ತದೆ. ಹಣ್ಣು ಒಂದೇ, ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಬೆಂಕಿ. ಖಾರ ಎಂಬುದು ಮೆಣಸಿನಕಾಯಿಯಲ್ಲಿ ಕೂತಿರುವ ಗುಣವಲ್ಲ, ತಿನ್ನುವ ಪ್ರಾಣಿಯ ನರದಲ್ಲಿ ಹುಟ್ಟುವ ನೋವು. ಇದನ್ನು ಒಪ್ಪಿಕೊಂಡರೆ ಸಾಸಿನ ಹದ ತಾನಾಗಿ ಅರ್ಥವಾಗುತ್ತದೆ.

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಸ್ವತಃ ಕೋಳಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ನಮ್ಮ ನರತುದಿಯ ಟಿಆರ್‌ಪಿವಿ-1 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಪ್ರೋಟೀನಿನ ನಿಜವಾದ ಕೆಲಸ ಸುಡುವ ಬಿಸಿಯನ್ನು ಪತ್ತೆಹಚ್ಚುವುದು. ಸುಮಾರು 43 ಡಿಗ್ರಿ ದಾಟಿದರೆ ಅದು ಮಿದುಳಿಗೆ ‘ಸುಡುತ್ತಿದೆ’ ಎಂದು ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಅಂಟಿದಾಗಲೂ ಅದೇ ಸುದ್ದಿ ಹೋಗುತ್ತದೆ, ಬೆಂಕಿ ಎಲ್ಲೂ ಇಲ್ಲದಿದ್ದರೂ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಅವರ ಪ್ರಯೋಗಾಲಯವೇ 2002ರಲ್ಲಿ ಕೋಳಿಯ ಟಿಆರ್‌ಪಿವಿ-1 ಅನ್ನು ಪರೀಕ್ಷಿಸಿತು. ಅದು ಬಿಸಿಗೆ ಸ್ಪಂದಿಸಿತು, ಹುಳಿಗೆ ಸ್ಪಂದಿಸಿತು, ಮೆಣಸಿನ ಖಾರಕ್ಕೆ ಮಾತ್ರ ಜಗ್ಗಲಿಲ್ಲ. ಇಲಿಯ ಪ್ರೋಟೀನಿನ ಒಂದು ಚಿಕ್ಕ ತುಣುಕನ್ನು ಅದರೊಳಗೆ ಸೇರಿಸಿದ ಮೇಲೆ ಅದಕ್ಕೂ ಖಾರ ಹತ್ತಿತು! ಕೋಳಿಗೆ ನಾಲಿಗೆಯೇ ಮೊಂಡು, ಅದಕ್ಕೇ ಖಾರ ತಿಳಿಯುವುದಿಲ್ಲ ಎಂದು ವಾದಿಸುವವರಿಗೆ ಇಲ್ಲಿ ಉತ್ತರವಿದೆ: ಸುಡುವುದನ್ನು ಅರಿಯುವ ಯಂತ್ರ ಕೋಳಿಗೂ ಇದೆ, ಕ್ಯಾಪ್ಸೈಸಿನ್ ಕೂರುವ ಜಾಗ ಮಾತ್ರ ಸರಿಯಾಗಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಸೊಗಸಾದದ್ದು. ಸಿಹಿಯನ್ನು ಗುರುತಿಸಲು ಸಸ್ತನಿಗಳಿಗೆ ಬೇಕಾದ ಒಂದು ಜೀನ್ ಕೋಳಿಯಲ್ಲಿ ಇಲ್ಲವೇ ಇಲ್ಲ. ಸಿಹಿ-ಖಾರದ ಸಾಸಿನ ಎರಡೂ ಹಿರಿಮೆಗಳು ಆ ರೆಕ್ಕೆಯ ಒಡೆಯನಿಗೆ ಅಪರಿಚಿತ.

ಹಕ್ಕಿಗೆ ಹತ್ತದೆ ಇಲಿ, ಕೋತಿಗಳಿಗೆ ಮಾತ್ರ ಹತ್ತುವ ಖಾರದಿಂದ ಗಿಡಕ್ಕೇನು ಲಾಭ? 2001ರಲ್ಲಿ ಟ್ಯೂಕ್ಸ್‌ಬರಿ ಮತ್ತು ನಭಾನ್ ಎಂಬ ವಿಜ್ಞಾನಿಗಳು ಅಮೆರಿಕದ ಅರಿಜೋನಾದ ಕಾಡುಮೆಣಸಿನ ಮೇಲೆ ನಡೆಸಿದ ಅಧ್ಯಯನ ಇದನ್ನು ಬಿಡಿಸಿ ಹೇಳಿತು. ಹಕ್ಕಿಯ ಹೊಟ್ಟೆಯಿಂದ ಹೊರಬಂದ ಬೀಜ ಮೊಳೆಯಿತು. ಇಲಿಗಳು ಅಗಿದು ತಿಂದ ಬೀಜ ಮೊಳೆಯಲಿಲ್ಲ. ಬೀಜವನ್ನು ಹಾಳುಮಾಡುವವರನ್ನು ಓಡಿಸಿ, ಹೊತ್ತೊಯ್ಯುವವರನ್ನು ಕರೆಯುವ ಏರ್ಪಾಡು ಇದು. ಹಾಗಾದರೆ ಮನುಷ್ಯ ಏಕೆ ಓಡಿಹೋಗಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಉರಿ ಇದ್ದರೂ ಗಾಯವಿಲ್ಲವೆಂದು ನಾವು ಅಭ್ಯಾಸದಿಂದ ಕಲಿತಿದ್ದೇವೆ, ಪದೇ ಪದೇ ತಿಂದರೆ ನರವೂ ಮಂದವಾಗುತ್ತದೆ. ಪೋರ್ಚುಗೀಸರು ತಂದ ಈ ಅಮೆರಿಕದ ಹಣ್ಣು ಕೆಲವೇ ಶತಮಾನಗಳಲ್ಲಿ ನಮ್ಮ ಸಾರಿಗೂ ಚಟ್ನಿಗೂ ಅನಿವಾರ್ಯವಾದದ್ದು ಹಾಗೆ.

ದೃಷ್ಟಿ ತೆಗೆಯಲೂ ಅನಿವಾರ್ಯವಾಯಿತು, ಅದು ಬೇಸರದ ಮಾತು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿ, ಘಾಟು ಬರದಿದ್ದರೆ ‘ಎಂಥ ದೃಷ್ಟಿ ಆಗಿತ್ತು ನೋಡಿ’ ಎನ್ನುತ್ತಾರೆ. ಮೆಣಸಿನಕಾಯಿ ಹೊಗೆಯಾಡಿದರೆ ಕ್ಯಾಪ್ಸೈಸಿನ್ ಗಾಳಿಗೆ ಸೇರಿ ಕೆಮ್ಮು ಬರುತ್ತದೆ. ಧಗಧಗ ಉರಿಯುವ ಜ್ವಾಲೆಗೆ ಬಿದ್ದರೆ ಅದೇ ಸುಟ್ಟುಹೋಗಿ ಘಾಟು ತಗ್ಗುತ್ತದೆ. ಬ್ಯಾಡಗಿಯಾದರೆ ಖಾರವೇ ಕಡಿಮೆ. ಜ್ವರ ಬಂದ ಮಗುವನ್ನು ಈ ಪರೀಕ್ಷೆಗೆ ಒಡ್ಡಿ ವೈದ್ಯರ ಬಳಿ ಒಯ್ಯುವುದನ್ನು ತಡಮಾಡುವುದು ತಪ್ಪು, ಶುದ್ಧ ತಪ್ಪು.

ಈಗ ಸಾಸಿಗೆ ಬರೋಣ. ಖಾರ ನರದ ವ್ಯವಹಾರ ಎಂದಾದರೆ ಅದನ್ನು ಏರಿಸುವ, ಇಳಿಸುವ ದಾರಿಗಳೂ ನರದಲ್ಲೇ ಇವೆ. ಹುಳಿ ಅದೇ ಟಿಆರ್‌ಪಿವಿ-1 ಅನ್ನು ಕೆರಳಿಸುತ್ತದೆ, ಬಿಸಿಯೂ ಕೆರಳಿಸುತ್ತದೆ. ಹಾಗಾಗಿ ಹುಣಸೆರಸ ಜಾಸ್ತಿಯಾದ ಬಿಸಿಬಿಸಿ ಸಾಸ್ ಅಷ್ಟೇ ಮೆಣಸಿನಲ್ಲೂ ಹೆಚ್ಚು ಉರಿಯುತ್ತದೆ. ಸಿಹಿ ಉರಿಯನ್ನು ತಗ್ಗಿಸುತ್ತದೆ. 1912ರಲ್ಲಿ ವಿಲ್ಬರ್ ಸ್ಕೊವಿಲ್ ಖಾರ ಅಳೆಯುವ ವಿಧಾನ ರೂಪಿಸಿದಾಗ ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲೇ ತೆಳುಮಾಡುತ್ತಾ ಹೋಗಿ, ಉರಿ ಯಾವ ಹಂತದಲ್ಲಿ ಇಲ್ಲವಾಗುತ್ತದೆಂದು ನೋಡಿದ್ದರು. ಅರ್ಧ ಕಿಲೋ ವಿಂಗ್ಸ್‌ಗೆ ಎಂಟು ಬ್ಯಾಡಗಿ, ಎರಡು ಗುಂಟೂರು ಸಾಕು. ಬ್ಯಾಡಗಿ ಬಣ್ಣ ಕೊಡುತ್ತದೆ, ಗುಂಟೂರು ಉರಿ ಕೊಡುತ್ತದೆ. ಕೆಂಪಗಿದ್ದಷ್ಟೂ ಖಾರ ಎಂಬ ನಂಬಿಕೆಗೆ 2011ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಬ್ಯಾಡಗಿಯೇ ಉತ್ತರ. ಖಾರ ಇನ್ನೂ ಇಳಿಸಬೇಕೆಂದರೆ ಬೀಜ ಉದುರಿಸಿದರಷ್ಟೇ ಸಾಲದು. ಕ್ಯಾಪ್ಸೈಸಿನ್ ತಯಾರಾಗುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ, ಅದನ್ನು ಕೀಳಬೇಕು. ಬಿಸಿನೀರಲ್ಲಿ ನೆನೆಸಿದ ಮೆಣಸಿನಕಾಯಿಯನ್ನು ಆರು ಎಸಳು ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಅರೆದು, ಎರಡು ಚಮಚ ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ. ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುವ ವಸ್ತು. ಬೆಣ್ಣೆಯಲ್ಲಿ ಕರಗಿದರೆ ಸಾಸಿನ ಉದ್ದಗಲಕ್ಕೂ ಸಮನಾಗಿ ಹರಡುತ್ತದೆ. ಆಮೇಲೆ ನಾಲ್ಕು ಚಮಚ ಪುಡಿಬೆಲ್ಲ, ಸ್ವಲ್ಪ ಹುಣಸೆರಸ, ಉಪ್ಪು ಹಾಕಿ, ಚಮಚದ ಬೆನ್ನಿಗೆ ಅಂಟುವಷ್ಟು ಕುದಿಸಿ, ಬೇರೆಯಾಗಿ ಕರಿದ ವಿಂಗ್ಸ್ ಅನ್ನು ಅದರಲ್ಲಿ ಹೊರಳಿಸಿ.

ಸಾಸ್ ಹಚ್ಚಿಯೇ ಕರಿದರೆ ಒಳಗೆ ರುಚಿ ಇಳಿಯುವುದಿಲ್ಲವೇ ಎಂದು ಕೇಳಬಹುದು. ಇಳಿಯುವ ಮೊದಲೇ ಬೆಲ್ಲ ಕಪ್ಪಾಗಿ ಕಹಿಯಾಗುತ್ತದೆ. ಕರಿಯುವ ಎಣ್ಣೆ 170-180 ಡಿಗ್ರಿ ಇರುತ್ತದೆ, ಸಕ್ಕರೆ ಅಷ್ಟರಲ್ಲೇ ಸುಡಲು ಶುರು. 1964ರಲ್ಲಿ ಅಮೆರಿಕದ ಬಫಲೋ ನಗರದ ಆಂಕರ್ ಬಾರ್‌ನಲ್ಲಿ ಹುಟ್ಟಿದ್ದೆಂದು ಹೇಳುವ ವಿಂಗ್ಸ್‌ನಲ್ಲೂ ಕ್ರಮ ಇದೇ: ಮೊದಲು ಕರಿ, ಆಮೇಲೆ ಬೆಣ್ಣೆ ಬೆರೆತ ಸಾಸಿನಲ್ಲಿ ಹೊರಳಿಸು. ಗಿಂಡಿಯಿಂದ ದೂರವಲ್ಲದ ಮೌಂಟ್ ರೋಡಿನ ಬುಹಾರಿ ಹೋಟೆಲು 1965ರಲ್ಲಿ ಶುರುಮಾಡಿದ್ದೆಂದು ಹೇಳಿಕೊಳ್ಳುವ ಚಿಕನ್ 65ರಲ್ಲಿ ಮಸಾಲೆ ಹಚ್ಚಿಯೇ ಕರಿಯುತ್ತಾರಲ್ಲ ಎಂದರೆ, ಹೌದು, ಆ ಮಸಾಲೆಯಲ್ಲಿ ಬೆಲ್ಲವಿಲ್ಲ. ಇಷ್ಟಾದ ಮೇಲೂ ಬಾಯಿ ಉರಿದರೆ ನೀರು ಕುಡಿಯಬೇಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಲು ಕುಡಿಯಿರಿ. ಕೆನೆ ತೆಗೆದ ಹಾಲೂ ಗಟ್ಟಿ ಹಾಲಿನಷ್ಟೇ ಕೆಲಸ ಮಾಡುತ್ತದೆಂದು 2019ರ ಒಂದು ಅಧ್ಯಯನ ತೋರಿಸಿದೆ.